ಕಟ್ಟಡದ ಮಣ್ಣು ಮನೆಗೆ ಬಾರದಿರಲಿ



ನಮ್ಮ ಸೀಮೆಯಲ್ಲಿ ಮಣ್ಣು ಪೂಜ್ಯವಸ್ತು. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನಿಂದಲೇ ಎತ್ತುಗಳನ್ನು ಮಾಡಿ ಪೂಜಿಸುತ್ತೇವೆ. ಬಿತ್ತುವ ಮುನ್ನ ಹೊಲದ ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಳ್ಳುವ ಹಿರಿಯರು ಇಂದಿಗೂ ಇದ್ದಾರೆ. ಹೀಗಿರುವಾಗ ಮಣ್ಣಿನಿಂದ ರೋಗ ಬರುತ್ತದೆಂಬ ಮಾತು ಹಲವರಿಗೆ ಅಪ್ರಿಯವಾಗಬಹುದು. ಆದರೆ ನಾವು ಉಳುವ ಹೊಲದ ಮಣ್ಣು ಬೇರೆ, ನಗರದಲ್ಲಿ ಕಟ್ಟಡದ ಪಾಯಕ್ಕಾಗಿ ಅಗೆದು ತೆಗೆಯುವ ಮಣ್ಣು ಬೇರೆ. ಹೊಲದ ಮಣ್ಣಿನ ಚರಿತ್ರೆ ನಮಗೆ ತಿಳಿದಿರುತ್ತದೆ. ನಗರದ ಮಣ್ಣಿನ ಚರಿತ್ರೆಯನ್ನು ಯಾರೂ ಕೇಳುವುದಿಲ್ಲ.

ಸುಗ್ಗಿ ಮುಗಿದೊಡನೆ ನಮ್ಮ ಭಾಗದ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತವೆ. ಅವರಲ್ಲಿ ಶ್ರೀಮಠದ ಭಕ್ತರೂ ಇದ್ದಾರೆ. ಗೌಂಡಿಗಳು, ಮೇಸ್ತ್ರಿಗಳು, ಬುಟ್ಟಿ ಹೊರುವ ತಾಯಂದಿರು, ರಾತ್ರಿ ಕಾವಲಿರುವವರು, ಹಾಗೆಯೇ ಕೆಲಸ ಮಾಡಿಸುವ ಗುತ್ತಿಗೆದಾರರು ಮತ್ತು ಮನೆ ಕಟ್ಟಿಸುವ ಗೃಹಸ್ಥರು, ಎಲ್ಲರೂ ಈ ಪತ್ರಿಕೆಯ ಓದುಗರೇ. ಆದುದರಿಂದ ಈ ತಿಂಗಳ ಆರೋಗ್ಯ ಚಿಂತನೆಗೆ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಒಂದು ಮಗುವಿನ ಪಾಂಡುರೋಗ

ಮೊದಲು ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳಬೇಕು. ಸುಮಾರು ಹತ್ತು ವರ್ಷಗಳ ಹಿಂದೆ ಅಜ್ಜಿಯೊಬ್ಬರು ಮೂರು ವರ್ಷದ ಮೊಮ್ಮಗನನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮಗುವಿನ ಮೈಬಣ್ಣ ಬಿಳಿಚಿತ್ತು. ಹಸಿವಿಲ್ಲ, ಮಲಬದ್ಧತೆ, ಆಗಾಗ ಹೊಟ್ಟೆನೋವು, ಸದಾ ಕಿರಿಕಿರಿ. “ಮಣ್ಣು ತಿಂತೈತ್ರಿ ಡಾಕ್ಟರ್ರ, ಎಷ್ಟ ಹೇಳಿದ್ರೂ ಬಿಡವಲ್ದು” ಎಂದರು ಅಜ್ಜಿ. ಚರಕ ಸಂಹಿತೆಯು ಪಾಂಡುರೋಗದ ಐದು ಭೇದಗಳಲ್ಲಿ ಮಣ್ಣು ತಿನ್ನುವುದರಿಂದ ಬರುವ ಪಾಂಡುವನ್ನೂ ಒಂದೆಂದು ಹೇಳಿದೆ. ಲಕ್ಷಣಗಳು ಅದಕ್ಕೆ ಹೊಂದುತ್ತಿದ್ದವು. ಜಂತುಹುಳುವಿಗೆ ಔಷಧ ಕೊಟ್ಟು, ಪುನರ್ನವಾ ಮಂಡೂರವನ್ನು ಆರಂಭಿಸಿದೆ.

ಮಗು ಊರಿನಲ್ಲಿದ್ದ ಎರಡು ತಿಂಗಳು ಸ್ವಲ್ಪ ಚೇತರಿಸಿಕೊಂಡಿತು. ನನ್ನ ಔಷಧದ ಗುಣವೆಂದೇ ಭಾವಿಸಿದೆ. ತಂದೆತಾಯಿಯೊಡನೆ ಬೆಂಗಳೂರಿಗೆ ಹೋಗಿ ಮರಳಿದಾಗ ಮತ್ತೆ ಅದೇ ಸ್ಥಿತಿ. ಮತ್ತೆ ಔಷಧ, ಮತ್ತೆ ಚೇತರಿಕೆ, ಮತ್ತೆ ಬೆಂಗಳೂರು. ಮೂರನೆಯ ಸಲ ತಂದೆಯೇ ಬಂದಿದ್ದರು. ಅವರು ಕಾವಲುಗಾರರಾಗಿದ್ದ ನಿವೇಶನದಲ್ಲಿ ಮೊದಲು ಏನಿತ್ತೆಂದು ಅಂದು ಕೇಳಿದೆ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದ ಶೆಡ್ಡು ಇತ್ತಂತೆ. ಅದನ್ನು ಕೆಡವಿ ಪಾಯ ತೋಡುತ್ತಿದ್ದರು. ಅಗೆದ ಮಣ್ಣಿನ ರಾಶಿಯ ಪಕ್ಕದಲ್ಲೇ ಇವರ ತಗಡಿನ ಗುಡಿಸಲು. ಆ ರಾಶಿಯೇ ಮಗುವಿನ ಆಟದ ಅಂಗಳ.

ಕೂಡಲೇ ರಕ್ತದಲ್ಲಿನ ಸೀಸದ ಪ್ರಮಾಣವನ್ನು ಪರೀಕ್ಷಿಸಲು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಇರಬಾರದಷ್ಟು ಸೀಸ ಆ ಪುಟ್ಟ ದೇಹದಲ್ಲಿತ್ತು. ಮಗುವನ್ನು ಚೇತರಿಸಿದ್ದು ನನ್ನ ಮಂಡೂರವಷ್ಟೇ ಅಲ್ಲ, ಆ ಮಣ್ಣಿನಿಂದ ದೂರವಿದ್ದ ಎರಡು ತಿಂಗಳುಗಳು ಎಂಬುದು ಆಗ ತಿಳಿಯಿತು. “ಮಣ್ಣು ತಿನ್ನುತ್ತದೆ” ಎಂಬುದನ್ನು ಕೇಳಿದ ನಾನು “ಎಲ್ಲಿಯ ಮಣ್ಣು?” ಎಂದು ಕೇಳಿರಲಿಲ್ಲ. ಆ ಹುಡುಗನಿಗೆ ಈಗ ಮೈಯಲ್ಲಿ ರಕ್ತವಿದೆ, ಓಡಾಟವಿದೆ. ಆದರೆ ಶಾಲೆಯಲ್ಲಿ ಅಕ್ಷರ ಕೂಡಿಸಲು ಬಹುಕಾಲ ತಡವರಿಸಿದ. ಅದಕ್ಕೆ ಸೀಸವೇ ಕಾರಣವೆಂದು ನಾನು ಖಚಿತವಾಗಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಶಾಸ್ತ್ರದ ಬೆಳಕು

ನಮ್ಮ ಆಚಾರ್ಯರಿಗೆ ಭೂಮಿ ಕೆಡುವುದು ಅಪರಿಚಿತ ಸಂಗತಿಯಲ್ಲ. ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ವಾಯು, ಜಲ, ದೇಶ, ಕಾಲ ಈ ನಾಲ್ಕು ಕೆಟ್ಟಾಗ ಇಡೀ ಜನಪದವೇ ರೋಗಕ್ಕೆ ತುತ್ತಾಗುತ್ತದೆಂದು ಹೇಳುತ್ತದೆ. ಇಲ್ಲಿ ದೇಶವೆಂದರೆ ನೆಲ. ಬಣ್ಣ, ವಾಸನೆ, ರುಚಿ, ಸ್ಪರ್ಶಗಳು ಸಹಜವಾಗಿಲ್ಲದಿರುವುದು ಕೆಟ್ಟ ನೆಲದ ಲಕ್ಷಣ. ಸುಶ್ರುತ ಸಂಹಿತೆಯ ಕಲ್ಪಸ್ಥಾನವು ವಿಷದಿಂದ ದೂಷಿತವಾದ ನೀರು ಹಾಗೂ ಭೂಮಿಯ ವಿಚಾರವನ್ನೂ, ‘ದೂಷೀವಿಷ’ವೆಂಬ ಪರಿಕಲ್ಪನೆಯನ್ನೂ ನಿರೂಪಿಸಿದೆ. ಕೂಡಲೇ ಕೊಲ್ಲದೆ, ಪೂರ್ಣವಾಗಿ ಹೊರಗೂ ಹೋಗದೆ, ವರ್ಷಾನುಗಟ್ಟಲೆ ದೇಹದಲ್ಲಿ ಅಡಗಿ ನಿಧಾನವಾಗಿ ಧಾತುಗಳನ್ನು ಕೆಡಿಸುವ ವಿಷವೇ ದೂಷೀವಿಷ.

ಆಚಾರ್ಯರು ಇಂದಿನ ಬ್ಯಾಟರಿಯ ಸೀಸವನ್ನು ಕುರಿತೇ ಹೀಗೆ ಹೇಳಿದರೆಂದು ನಾನು ವಾದಿಸುವುದಿಲ್ಲ. ಆದರೆ ಸೀಸದ ನಡತೆ ಇದನ್ನು ಹೋಲುತ್ತದೆ. ರಕ್ತದಲ್ಲಿರುವ ಸೀಸದ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆಯಲ್ಲಿ ನೆಲೆಸಿದ ಸೀಸ ದಶಕಗಳವರೆಗೆ ಅಲ್ಲಿಯೇ ಉಳಿಯುತ್ತದೆ. ಮುಂದೆ ಹೆಣ್ಣುಮಗಳು ಗರ್ಭಿಣಿಯಾದಾಗ ಮೂಳೆಯಿಂದ ಮತ್ತೆ ರಕ್ತಕ್ಕಿಳಿದು ಗರ್ಭಸ್ಥ ಶಿಶುವನ್ನೂ ಮುಟ್ಟುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಸೀಸ ಬೆರೆತ ಮಣ್ಣಿಗೆ ಬೇರೆ ಬಣ್ಣವಿಲ್ಲ, ಬೇರೆ ವಾಸನೆಯಿಲ್ಲ. ಕಣ್ಣು ಮೂಗುಗಳನ್ನು ನಂಬಿ ಈ ಮಣ್ಣು ಶುದ್ಧವೆಂದು ಹೇಳುವಂತಿಲ್ಲ.

ಚಿಕಿತ್ಸೆಯ ಸಾರವೇ ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನು ದೂರವಿಡುವುದು ಎಂಬುದು ಸುಶ್ರುತರ ಸೂತ್ರ. ಈ ಲೇಖನದ ಸಾರವೂ ಅದೇ. ಒಳಗೆ ಹೋದ ವಿಷವನ್ನು ಹೊರತೆಗೆಯುವುದು ಕಷ್ಟ. ಒಳಗೆ ಹೋಗದಂತೆ ತಡೆಯುವುದು ಸಾಧ್ಯ.

ನಗರದ ಮಣ್ಣು ಕೆಡುವ ಬಗೆ

ನಗರದ ನೆಲ ಹಲವು ಸಲ ಕೈಬದಲಾಯಿಸಿದ ನೆಲ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವಿರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತೆಂಬುದು ಇಂದು ಅಲ್ಲಿ ಬಸ್ಸಿಗಾಗಿ ಕಾಯುವ ಎಷ್ಟು ಜನರಿಗೆ ಗೊತ್ತು? ಹಾಗೆಯೇ ಒಂದು ನಿವೇಶನದಲ್ಲಿ ಹಿಂದೆ ಗ್ಯಾರೇಜು, ಪೆಟ್ರೋಲ್ ಬಂಕು, ಲೋಹಕ್ಕೆ ಹೊಳಪು ಲೇಪಿಸುವ ಕಾರ್ಖಾನೆ, ಗುಜರಿ ಅಂಗಡಿ, ಬಣ್ಣದ ಗೋದಾಮು ಅಥವಾ ಕಸ ತುಂಬಿದ ಹಳ್ಳ ಇದ್ದಿರಬಹುದು. ಮೇಲಿನ ಕಟ್ಟಡ ಹೋದರೂ ಕೆಳಗಿನ ಮಣ್ಣಿನಲ್ಲಿ ಸೀಸ, ಕ್ರೋಮಿಯಂ, ಹಳೆಯ ಎಣ್ಣೆ ಉಳಿದಿರುತ್ತವೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿರುವುದು ಇದಕ್ಕೊಂದು ನಿದರ್ಶನ.

ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಅದಕ್ಕೂ ಮುನ್ನ ವಾಹನಗಳ ಹೊಗೆಯಲ್ಲಿ ಬಂದ ಸೀಸ ಹಳೆಯ ರಸ್ತೆಗಳ ಬದಿಯ ಮಣ್ಣಿನಲ್ಲಿ ಇಳಿದಿದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 90 ಪಾಲನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಮನೆಯನ್ನು ಕೆಡವುವಾಗ ಏಳುವ ಧೂಳಿನಲ್ಲಿ ಹಳೆಯ ಬಣ್ಣದ ಸೀಸವೂ ಇರಬಹುದು, ಒಡೆದ ಆಸ್ಬೆಸ್ಟಾಸ್ ಶೀಟಿನ ಸೂಕ್ಷ್ಮ ನಾರೂ ಇರಬಹುದು. ಆಸ್ಬೆಸ್ಟಾಸಿನಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷಗಳೇ ಬೇಕಾಗುವುದರಿಂದ ಅಂದಿನ ಕೆಲಸಕ್ಕೂ ಇಂದಿನ ರೋಗಕ್ಕೂ ಸಂಬಂಧವನ್ನು ಯಾರೂ ಕಲ್ಪಿಸಿಕೊಳ್ಳುವುದಿಲ್ಲ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸಿ ಸಿಲಿಕೋಸಿಸ್ ತರುತ್ತದೆ. ಇವುಗಳ ಜೊತೆಗೆ ಮಲಮೂತ್ರ ಬೆರೆತ ಮಣ್ಣಿನಲ್ಲಿ ಕೊಕ್ಕೆಹುಳು, ಇಲಿ ಓಡಾಡಿದ ಕೊಚ್ಚೆಯಲ್ಲಿ ಇಲಿಜ್ವರದ ಸೂಕ್ಷ್ಮಾಣು, ಎಲ್ಲ ಬಗೆಯ ಮಣ್ಣಿನಲ್ಲೂ ಧನುರ್ವಾಯುವಿನ ಬೀಜಾಣು ಇದ್ದೇ ಇರುತ್ತವೆ.

ದೇಹವನ್ನು ಸೇರುವ ದಾರಿ

ಮಣ್ಣಿನ ವಿಷ ದೇಹವನ್ನು ಸೇರುವುದು ಮುಖ್ಯವಾಗಿ ಮೂರು ದಾರಿಗಳಿಂದ: ಬಾಯಿ, ಮೂಗು, ಚರ್ಮ. ಇವುಗಳಲ್ಲಿ ಬಾಯಿಯ ದಾರಿಯನ್ನೇ ಜನರು ಹೆಚ್ಚು ಅಲಕ್ಷಿಸುತ್ತಾರೆ. ಮಣ್ಣಾದ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ ಬಾಯಿಗಿಡುವವನು ಆ ಮಣ್ಣನ್ನೂ ತಿಕ್ಕಿ ಬಾಯಿಗಿಡುತ್ತಾನೆ. ಬೀಡಿ ಹಿಡಿದ ಬೆರಳು, ರೊಟ್ಟಿ ಮುರಿಯುವ ಕೈ, ಇವುಗಳಿಂದಲೂ ಅದೇ ಆಗುತ್ತದೆ. ತಂಬಾಕು ಬಿಡಲು ನೂರು ಕಾರಣಗಳಿವೆ. ಮಣ್ಣಿನ ಕೆಲಸದವರಿಗೆ ನೂರಾ ಒಂದು.

ಮಕ್ಕಳ ವಿಚಾರದಲ್ಲಿ ಅಪಾಯ ಇನ್ನೂ ಹೆಚ್ಚು. ನುಂಗಿದ ಸೀಸವನ್ನು ಮಕ್ಕಳ ದೇಹವು ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಬೆಳೆಯುತ್ತಿರುವ ಮೆದುಳಿಗೆ ಸೀಸದ ಯಾವ ಪ್ರಮಾಣವೂ ನಿರಪಾಯಕಾರಿಯಲ್ಲ. ಮಗು ಕೆಲಸದ ಸ್ಥಳಕ್ಕೆ ಹೋಗಲೇಬೇಕೆಂದಿಲ್ಲ. ತಂದೆಯ ಅಂಗಿ, ತಾಯಿಯ ಸೀರೆಯ ಸೆರಗು, ತಲೆಯ ಸಿಂಬಿ, ಕಾಲಿನ ಚಪ್ಪಲಿ ಇವೇ ವಿಷವನ್ನು ಗುಡಿಸಲಿಗೆ ಹೊತ್ತು ತರುತ್ತವೆ.

ಕೆಲಸ ಮಾಡುವವರು ಪಾಲಿಸಬೇಕಾದ ನಿಯಮಗಳು

1. ಹೊಸ ಜಾಗಕ್ಕೆ ಹೋದ ಮೊದಲ ದಿನವೇ ಮೇಸ್ತ್ರಿಯನ್ನು ಕೇಳಿರಿ: “ಈ ಜಾಗದಲ್ಲಿ ಮೊದಲು ಏನಿತ್ತು?” ಅಗೆಯುವಾಗ ಎಣ್ಣೆಯ ವಾಸನೆ ಬಂದರೆ, ಹಸಿರು ಅಥವಾ ಹಳದಿ ಬಣ್ಣದ ಮಣ್ಣು, ಹಳೆಯ ಡ್ರಮ್ಮು, ಬ್ಯಾಟರಿಯ ಚೂರು ಕಂಡರೆ ಕೆಲಸ ನಿಲ್ಲಿಸಿ ಮೇಲಿನವರಿಗೆ ತಿಳಿಸಿರಿ.

2. ಒಣಮಣ್ಣನ್ನು ಅಗೆಯುವ, ಗುಡಿಸುವ, ತುಂಬುವ ಮುನ್ನ ನೀರು ಚಿಮುಕಿಸಿರಿ. ಧೂಳು ಏಳದಿರುವುದೇ ಮೊದಲ ರಕ್ಷಣೆ. ಮುಖಕ್ಕೆ ಕಟ್ಟಿದ ಟವೆಲ್ಲು ದಪ್ಪ ಧೂಳನ್ನು ತಡೆದೀತು, ಸೂಕ್ಷ್ಮ ಧೂಳನ್ನು ತಡೆಯದು. ಗೋಡೆ ಕೆಡವುವಾಗ ಮತ್ತು ಕಲ್ಲು ಕೊರೆಯುವಾಗ ಎನ್-95 ಮಾಸ್ಕನ್ನು ಮೂಗಿಗೆ ಬಿಗಿಯಾಗಿ ಧರಿಸಿರಿ.

3. ಬರಿಗಾಲಿನಲ್ಲಿ ಮಣ್ಣು, ಕೊಚ್ಚೆಗಳಲ್ಲಿ ಇಳಿಯಬೇಡಿರಿ. ಗಮ್‌ಬೂಟು ಮತ್ತು ಕೈಗವಸು ಕೇಳಿ ಪಡೆಯಿರಿ.

4. ಬುತ್ತಿಯನ್ನು ಮಣ್ಣಿನ ರಾಶಿಯಿಂದ ದೂರ, ಮುಚ್ಚಿಡಿರಿ. ಉಣ್ಣುವ ಮುನ್ನ ಸಾಬೂನಿನಿಂದ ಕೈ ತೊಳೆದು, ಉಗುರುಗಳ ಸಂದಿಯನ್ನೂ ಉಜ್ಜಿ, ಬಾಯಿ ಮುಕ್ಕಳಿಸಿರಿ. ಬರಿಯ ನೀರು ಸಾಲದು.

5. ಕೆಲಸದ ಬಟ್ಟೆ, ಚಪ್ಪಲಿಗಳನ್ನು ಕೆಲಸದ ಜಾಗದಲ್ಲೇ ಬಿಟ್ಟು ಬೇರೆ ಬಟ್ಟೆಯುಟ್ಟು ಮನೆಗೆ ಬನ್ನಿರಿ. ಕೆಲಸದ ಬಟ್ಟೆಯನ್ನು ಜಾಡಿಸದೆ ನೀರಿನಲ್ಲಿ ನೆನೆಸಿ, ಮಕ್ಕಳ ಬಟ್ಟೆಯೊಡನೆ ಸೇರಿಸದೆ ಒಗೆಯಿರಿ.

ಐದನೆಯ ನಿಯಮದ ಬಗ್ಗೆ ಒಂದು ಮಾತು. ಸಂಜೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಕೂಡುವುದು ನಮ್ಮ ಸಂಪ್ರದಾಯ. ಮನೆಗೆ ಬಂದ ತಂದೆಯನ್ನು ಕಂಡು ಮಗು ಓಡಿಬರುತ್ತದೆ. ಎತ್ತಿಕೊಂಡು ಮುದ್ದಾಡಿ ಆಮೇಲೆ ಸ್ನಾನಕ್ಕೆ ಹೋಗುವುದು ರೂಢಿ. ಆ ಕ್ರಮವನ್ನು ತಿರುಗಿಸಿರಿ. ಮೊದಲು ಸ್ನಾನ, ಅನಂತರ ಮಗು. ಪೂಜೆಗೆ ಬೇಕಾದ ಶುಚಿತ್ವ ಮಗುವಿಗೂ ಬೇಕು.

ಮಕ್ಕಳು ಮತ್ತು ಗರ್ಭಿಣಿಯರು

ಅಗೆದ ಮಣ್ಣಿನ ರಾಶಿ ಮಕ್ಕಳ ಆಟದ ಸ್ಥಳವಲ್ಲ. ಗುಡಿಸಲು ಅಲ್ಲಿಯೇ ಇದ್ದರೆ ರಾಶಿಗೆ ತಾಡಪಾಲು ಹೊದಿಸಲು ಹೇಳಿರಿ; ಗುಡಿಸಲಿನೊಳಗೆ ಒಣ ಕಸಬರಿಗೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿರಿ. ಸಾಧ್ಯವಿದ್ದವರು ಚಿಕ್ಕ ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಡುವುದು ಲೇಸು.

ಮಗು ಮಣ್ಣು ತಿನ್ನುತ್ತಿದ್ದರೆ ಹೊಡೆದು ಬೈದು ಪ್ರಯೋಜನವಿಲ್ಲ. ಅದು ಹಲವು ಸಲ ಕಬ್ಬಿಣಾಂಶದ ಕೊರತೆಯ ಲಕ್ಷಣ. ಗರ್ಭಿಣಿಯರಲ್ಲಿ ಮಣ್ಣಿನ ಬಯಕೆ ಉಂಟಾಗುವುದೂ ಹೀಗೆಯೇ. ಬಯಕೆಯೆಂದು ಮಣ್ಣು ತಿನ್ನಿಸಬೇಡಿರಿ. ರಕ್ತ ಪರೀಕ್ಷೆ ಮಾಡಿಸಿರಿ. ಕಟ್ಟಡದ ಸ್ಥಳದಲ್ಲಿ ಬೆಳೆದ ಮಗುವಿಗೆ ರಕ್ತಹೀನತೆ, ಮಲಬದ್ಧತೆ, ಹೊಟ್ಟೆನೋವು, ಕಲಿಕೆಯಲ್ಲಿ ಹಿಂದೆ ಬೀಳುವುದು ಕಂಡುಬಂದರೆ ವೈದ್ಯರಿಗೆ ನೀವೇ ಹೇಳಿರಿ: “ನಾವು ಇಂಥ ಜಾಗದಲ್ಲಿದ್ದೆವು, ಸೀಸದ ಪರೀಕ್ಷೆ ಬೇಕೇ ನೋಡಿರಿ.” ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದರ ಮೂಲವನ್ನು ಹುಡುಕಿ ನಿವಾರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆ. ಅದು 45 ಅಥವಾ ಹೆಚ್ಚಿದ್ದರೆ ಮಕ್ಕಳಿಗೆ ಸೀಸವನ್ನು ಹೊರಹಾಕುವ ವಿಶೇಷ ಔಷಧವನ್ನು ಆಸ್ಪತ್ರೆಯಲ್ಲಿ, ತಜ್ಞರ ನಿಗಾದಲ್ಲಿಯೇ ಕೊಡಬೇಕಾಗುತ್ತದೆ.

ಆಹಾರ ಮತ್ತು ಔಷಧ

ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚಾಗಿ ಹೀರಲ್ಪಡುತ್ತದೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ದೇಹವೂ ಅದನ್ನು ಬೇಗ ಹೀರುತ್ತದೆ. ಆದುದರಿಂದ ಬೆಳಗ್ಗೆ ಬರಿಯ ಚಹಾ ಕುಡಿದು ಕೆಲಸಕ್ಕೆ ಹೋಗುವ ಅಭ್ಯಾಸ ಬಿಡಬೇಕು. ಜೋಳದ ರೊಟ್ಟಿ, ರಾಗಿ ಅಂಬಲಿ, ಬೇಳೆ, ಮಡಕಿಕಾಳು, ರಾಜಗಿರಿ, ಮೆಂತ್ಯದ ಪಲ್ಯ, ಹಾಲು, ಮಜ್ಜಿಗೆ, ಎಳ್ಳು, ಶೇಂಗಾ ಇವು ಬಡವರ ಕೈಗೂ ನಿಲುಕುವ ಪಥ್ಯ. ಕಾಳು, ಸೊಪ್ಪುಗಳ ಜೊತೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಇವು ವಿಷಕ್ಕೆ ಮದ್ದಲ್ಲ, ದೇಹಕ್ಕೆ ಬೇಲಿ. ನೆಲದ ಚರಿತ್ರೆ ತಿಳಿಯದ ಜಾಗದಲ್ಲಿ ಸೊಪ್ಪು ಬೆಳೆದು ತಿನ್ನಬೇಡಿರಿ.

ಇನ್ನು ನನ್ನ ಪದ್ಧತಿಯ ಬಗೆಗೇ ಒಂದು ಎಚ್ಚರಿಕೆ. ‘ಮೈಯೊಳಗಿನ ವಿಷವನ್ನೆಲ್ಲ ತೆಗೆಯುವ ಆಯುರ್ವೇದ ಪುಡಿ’ ಎಂದು ಮಾರುವವರನ್ನು ನಂಬಬೇಡಿರಿ. ರಸಶಾಸ್ತ್ರದಲ್ಲಿ ನಾಗವೆಂದರೆ ಸೀಸ. ನಾಗಭಸ್ಮವು ಸೀಸದಿಂದಲೇ ತಯಾರಾಗುವ ಔಷಧ. ಲೋಹ ಬೆರೆತ ಔಷಧಗಳನ್ನು ಸೇವಿಸಿ ಸೀಸದ ವಿಷಕ್ಕೆ ಒಳಗಾದ ರೋಗಿಗಳ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಭಸ್ಮೌಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಸೇವಿಸಲೇಬಾರದು. ಸೀಸದ ಶಂಕೆಯಿರುವ ರೋಗಿಗಂತೂ ಕೊಡಬಾರದು. ಪಂಚಕರ್ಮದಿಂದ ಮೂಳೆಯೊಳಗಿನ ಸೀಸ ಹೊರಬರುತ್ತದೆಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಗಾಯವಾದಾಗ

ಮೊಳೆ, ತಗಡು, ಕಬ್ಬಿಣದ ಸರಳು ಚುಚ್ಚಿದ ಗಾಯಕ್ಕೆ ಮಣ್ಣು, ಸುಣ್ಣ, ಬೂದಿ, ಸಗಣಿ ಹಚ್ಚಬಾರದು. ಹರಿಯುವ ಶುದ್ಧ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆದು, ಶುಚಿಯಾದ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿರಿ. ಧನುರ್ವಾಯುವಿನ ಚುಚ್ಚುಮದ್ದನ್ನು ಹತ್ತು ವರ್ಷಕ್ಕೊಮ್ಮೆ ಪಡೆಯಬೇಕು. ಮಣ್ಣಾದ ಗಾಯವಾಗಿದ್ದು ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ಮತ್ತೆ ಪಡೆಯಬೇಕು. ಕೊಚ್ಚೆಯಲ್ಲಿ ಕೆಲಸ ಮಾಡಿದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅಥವಾ ಹಳದಿಯಾಗುವುದು ಕಂಡರೆ ಇಲಿಜ್ವರವಿರಬಹುದು. ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆ ಸೇರಬೇಕು.

ಕೆಲಸ ಮಾಡಿಸುವವರ ಹೊಣೆ

ಇದುವರೆಗೆ ಹೇಳಿದ್ದು ಕೂಲಿಕಾರರಿಗೆ. ಆದರೆ ಕೈತೊಳೆಯಲು ನೀರೇ ಇಲ್ಲದ ಕಡೆ ಕೈತೊಳೆಯಿರಿ ಎಂದು ಉಪದೇಶಿಸುವುದು ನ್ಯಾಯವಲ್ಲ. ಕಟ್ಟಡ ಕಾರ್ಮಿಕರ 1996ರ ಕೇಂದ್ರ ಕಾಯ್ದೆಯು ಕುಡಿಯುವ ನೀರು, ಶೌಚಾಲಯ, ತಾತ್ಕಾಲಿಕ ವಸತಿ, ಪ್ರಥಮ ಚಿಕಿತ್ಸೆಗಳನ್ನು ಕೆಲಸ ಕೊಡುವವರ ಕರ್ತವ್ಯವೆಂದು ವಿಧಿಸಿತು. ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವಲ್ಲಿ ಅವರ ಕೂಸುಗಳಿಗೆ ಪ್ರತ್ಯೇಕ ಕೊಠಡಿ ಇರಬೇಕೆಂದೂ ಹೇಳಿತು. ಹದಿನೆಂಟರಿಂದ ಅರವತ್ತು ವರ್ಷದೊಳಗಿನ, ವರ್ಷದಲ್ಲಿ 90 ದಿನ ಕೆಲಸ ಮಾಡಿದ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ.

ಭಕ್ತರಲ್ಲಿ ಗುತ್ತಿಗೆದಾರರಾಗಿರುವವರು, ಮನೆ ಕಟ್ಟಿಸುವವರು ಕಾನೂನಿಗಾಗಿ ಕಾಯಬೇಕಿಲ್ಲ. ನಿವೇಶನ ಕೊಳ್ಳುವ ಮುನ್ನ ಅದರ ಹಿಂದಿನ ಬಳಕೆಯನ್ನು ನೆರೆಯ ಹಿರಿಯರಿಂದ, ಹಳೆಯ ಪತ್ರಗಳಿಂದ ತಿಳಿಯಿರಿ. ಶಂಕೆಯಿದ್ದರೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಣ್ಣನ್ನು ಪರೀಕ್ಷಿಸಿರಿ. ಕಟ್ಟಡಕ್ಕೆ ಕೋಟಿ ಸುರಿಯುವವರಿಗೆ ಆ ಪರೀಕ್ಷೆಯ ವೆಚ್ಚ ದೊಡ್ಡದಲ್ಲ. ಕೆಟ್ಟ ಮಣ್ಣನ್ನು ಟಿಪ್ಪರಿನಲ್ಲಿ ತುಂಬಿ ಯಾವುದೋ ಕೆರೆಗೋ ಹೊಲಕ್ಕೋ ಸುರಿಸಬೇಡಿರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಲಹೆಯಂತೆ ವಿಲೇವಾರಿ ಮಾಡಿರಿ. ದುಡಿಯುವವರಿಗೆ ಒಂದು ನಲ್ಲಿ, ಒಂದು ಸ್ನಾನದ ಮರೆ, ಸಾಬೂನು, ಬಟ್ಟೆ ಬದಲಿಸುವ ಸ್ಥಳ, ಮಣ್ಣಿನಿಂದ ದೂರದಲ್ಲಿ ಗುಡಿಸಲು, ಇಷ್ಟನ್ನು ಒದಗಿಸಿದರೆ ಅರ್ಧ ರೋಗ ಅಲ್ಲಿಯೇ ತಡೆದಂತೆ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಮಣ್ಣು ಅಗೆಯುವ ಕೆಲಸವನ್ನೇ ಶಿವಕಾರ್ಯವಾಗಿಸಿ ಕೆರೆ ಕಟ್ಟೆಗಳನ್ನು ಕಟ್ಟಿಸಿದರು. ಮಣ್ಣಿನ ಕೆಲಸ ಕೀಳಲ್ಲವೆಂಬುದು ನಮ್ಮ ಪರಂಪರೆ. ಅದು ಕಾಯಕವಾದರೆ, ಆ ಕಾಯಕ ಮಾಡುವವರ ಕಾಯವನ್ನು ಕಾಪಾಡುವುದು ಮಾಡಿಸುವವರ ದಾಸೋಹವಾಗಬೇಕು.

ಮುಂದಿನ ಸಲ ಗುಳೆ ಹೊರಡುವವರು ಬುತ್ತಿಯ ಜೊತೆ ಒಂದು ಸಾಬೂನು, ಒಂದು ಜೊತೆ ಬದಲಿ ಬಟ್ಟೆ ಕಟ್ಟಿಕೊಳ್ಳಿರಿ. ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನೂ ಕಟ್ಟಿಕೊಳ್ಳಿರಿ: ಈ ಜಾಗದಲ್ಲಿ ಮೊದಲು ಏನಿತ್ತು? ನಾನು ಅದನ್ನು ಕೇಳುವುದರಲ್ಲಿ ತಡಮಾಡಿದೆ. ನೀವು ತಡಮಾಡಬೇಡಿರಿ.